ಇಳಿಯುವ ಸರದಿ

ಹಗ್ಗದ ಗಂಟು ಹೊಟ್ಟೆಯ ಕಡೆಗೆ ಬರಬೇಕೋ ಬೆನ್ನಿನ ಕಡೆಗೋ ಎಂಬುದು ತಿಮ್ಮರಾಯಪ್ಪನಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಗೇವಿನ ರಾಗಿ ತಿಂದು ಬೆಳೆದ ಮೈ ಅವನದು. ಆದರೆ ಆ ರಾಗಿಯನ್ನು ನೆಲದಡಿಯ ಗುಂಡಿಯಿಂದ ಮೇಲೆತ್ತುವಾಗ ಒಳಗೆ ಇಳಿಯುವವನ ಸೊಂಟಕ್ಕೆ ಹಗ್ಗ ಹೇಗೆ ಬಿಗಿಯುತ್ತಾರೆ ಎಂದು ಯಾವತ್ತೂ ಕಣ್ಣಿಟ್ಟು ನೋಡಿರಲಿಲ್ಲ. ಅದು ನೋಡಬೇಕಾದ ಸಂಗತಿ ಅಂತಲೇ ಅನಿಸಿರಲಿಲ್ಲ. ಬೆಳಗ್ಗೆ ಎದ್ದವನೇ ಮುಖವನ್ನೂ ತೊಳೆಯದೆ ದನದ ಕೊಟ್ಟಿಗೆಗೆ ಬಂದು, ಬಾಗಿಲು ಮುಂದಕ್ಕೆಳೆದು, ಗೂಟಕ್ಕೆ ನೇತುಹಾಕಿದ್ದ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು ನೋಡುತ್ತಿದ್ದ. ಗಂಟು ಮುಂದಿದ್ದರೆ ಬೊಜ್ಜಿಗೆ ಒತ್ತುತ್ತಿತ್ತು. ಹಿಂದಕ್ಕೆ ಸರಿಸಿದರೆ ಕೈಗೆ ಸಿಗುತ್ತಿರಲಿಲ್ಲ. ಎತ್ತುಗಳೆರಡೂ ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡಿದವು. ಕೇರಿಯ ಕದಿರಪ್ಪನನ್ನು ಕೇಳಿದ್ದರೆ ಒಂದು ಗಳಿಗೆಯ ಮಾತು. ಹಗೇವಿಗೆ ಇಳಿಯುವುದು ಅವನ ವಂಶದ ಕೆಲಸ, ಕಣ್ಣು ಮುಚ್ಚಿಕೊಂಡು ಗಂಟು ಹಾಕಬಲ್ಲ. ಆದರೆ ಎಲ್ಲರೂ ಒಂದೇ ಎಂದು ಊರ ಮುಂದೆ ಭಾಷಣ ಬಿಗಿದ ದೊಡ್ಡ ಮನುಷ್ಯ ಕೇರಿಯವನ ಹತ್ತಿರ ಹೋಗಿ, ಇದನ್ನು ಹೇಗಪ್ಪಾ ಕಟ್ಟಿಕೊಳ್ಳೋದು ಎಂದು ಕೇಳುವುದೆಂದರೆ! ಹೀಗೆ ನಾಚಿಕೆಪಡುವುದೇ ನಾಚಿಕೆಗೇಡು ಎಂದೂ ಅನಿಸಿತು. ಆದರೂ ಕೇಳಿರಲಿಲ್ಲ.

"ಏನ್ಮಾಡ್ತಾ ಇದ್ದೀರ ಕತ್ಲಲ್ಲಿ?" ಹೆಂಡತಿ ಅಕ್ಕಯಮ್ಮ ಸಗಣಿಯ ಮಂಕರಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅವನು ಕದ್ದು ಸಿಕ್ಕಿಬಿದ್ದವನ ಹಾಗೆ ಹಗ್ಗ ಕೆಳಕ್ಕೆ ಬಿಟ್ಟ. "ಏನಿಲ್ಲ. ಹಗ್ಗ ಗಟ್ಟಿಯಾಗೈತಾ ಅಂತ ನೋಡ್ದೆ."

"ಹಗ್ಗ ಗಟ್ಟಿಯಾಗೇ ಐತೆ. ಇಳಿಯೋರು ಇದ್ದಾರಲ್ಲ, ಅವ್ರು ಇಳೀತಾರೆ ಬಿಡಿ. ನಿಮ್ಗೇನಾದ್ರೂ ಆದ್ರೆ ನನ್ ಗತಿ ಏನು?"

"ಕದಿರಪ್ಪನ್ಗೆ ಏನಾದ್ರೂ ಆದ್ರೆ ನರಸಮ್ಮನ ಗತಿ ಏನು?"

ನರಸಮ್ಮ ಕದಿರಪ್ಪನ ಹೆಂಡತಿ. ಆ ಹೆಸರು ಬಂದರೆ ಅಕ್ಕಯಮ್ಮನ ಬಾಯಿ ಕಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು; ಗೊತ್ತಿದ್ದೇ ಆಡಿದ್ದ. ಅವಳು ಮಂಕರಿ ಇಳಿಸಿ ಸಗಣಿ ಬಾಚತೊಡಗಿದಳು. ಪ್ಲೇಗಿಗೆ ಹೆದರಿ ಊರು ಬಿಟ್ಟು ಸೇರಿದ್ದ ದಿಣ್ಣೆಯ ಮೇಲಿನ ಗುಡಿಸಲಲ್ಲಿ ಇವಳ ತೊಡೆಯ ಸಂದಿನಲ್ಲಿ ಗಡ್ಡೆ ಎದ್ದು, ಜ್ವರ ಏರಿ, ಅಣ್ಣ ತಮ್ಮಂದಿರು ಕೂಡ ಬಾಗಿಲಿಗೆ ಬಾರದಿದ್ದಾಗ, ಒಳಗೆ ಬಂದು ಪಕ್ಕದಲ್ಲಿ ಕೂತು ಚೆಂಬಿನಿಂದ ಗುಟುಕು ಗುಟುಕಾಗಿ ನೀರು ಕುಡಿಸಿದವಳು ನರಸಮ್ಮ. ಅಕ್ಕಯಮ್ಮ ಬದುಕಿದಳು. ಊರಿಗೆ ಮರಳಿದ ಮೇಲೆ ಅದೇ ಚೆಂಬನ್ನು ಅರಿಸಿನ ಕುಂಕುಮದ ಜೊತೆ ಎಲೆಯಡಿಕೆ ಇಟ್ಟು ನರಸಮ್ಮನಿಗೇ ಕೊಟ್ಟುಬಿಟ್ಟಳು. ಉಡುಗೊರೆಯಂತೆ! ನರಸಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಕೇರಿಯವಳ ಕೈ ಮುಟ್ಟಿದ ಆ ಚೆಂಬು ಇನ್ನು ಮನೆಯೊಳಗೆ ಇರಬಾರದು ಎಂಬುದು ಅಕ್ಕಯಮ್ಮನ ಮನಸ್ಸಿನಲ್ಲಿದ್ದದ್ದು ತಿಮ್ಮರಾಯಪ್ಪನಿಗೆ ಆಗಲೇ ಹೊಳೆದಿತ್ತು. ಹೊಳೆದರೂ, ಹೆಂಡತಿ ಎಷ್ಟು ಉದಾರಿ ನೋಡಿ ಎಂಬಂತೆ ಮುಖ ಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದ.

ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದ. ಜ್ಯೇಷ್ಠದ ಬೆಳಗು, ಒಂದು ಮಳೆ ಬಿದ್ದು ಹೋದ ವಾಸನೆ. ಬೀದಿಯ ಎರಡು ಬದಿಯ ಗೋಡೆಗಳಲ್ಲೂ ಅವನು ಹೇಳಿ ಕೊರೆಸಿದ್ದ ಕಿಟಕಿಗಳಿದ್ದವು. ಗಾಳಿ ಬೆಳಕು ಬರಲಿ, ಇಲಿ ಹೋಗಲಿ ಎಂದು. ಈಗ ಒಂದೊಂದಕ್ಕೂ ಒಳಗಿನಿಂದ ಬೆರಣಿ ಒಟ್ಟಿದ್ದರು. ತಿಪ್ಪೆಗಳನ್ನು ಊರ ಹೊರಗೆ ಸಾಗಿಸಿದ್ದರಲ್ಲ, ಅವೂ ಒಂದೊಂದಾಗಿ, ನೆಂಟರ ಮನೆಗೆ ಹೋಗಿದ್ದ ಮುದುಕಿಯರು ಮರಳುವ ಹಾಗೆ, ತಂತಮ್ಮ ಬಾಗಿಲಿಗೆ ವಾಪಸು ಬಂದಿದ್ದವು. ಬಾವಿಗೆ ಕೇರಿಯವರಿಗೆಂದು ಹಾಕಿಸಿದ್ದ ಎರಡನೆಯ ರಾಟೆ ಯುಗಾದಿಯ ಹೊತ್ತಿಗೆ ಮಾಯವಾಗಿತ್ತು. ಕೇಳಿದರೆ ಯಾರಿಗೂ ಗೊತ್ತಿಲ್ಲ. ಯುದ್ಧದ ಕಾಲ, ಕಬ್ಬಿಣಕ್ಕೆ ಬೆಲೆ, ಯಾರೋ ಕದ್ದಿರಬೇಕು ಎಂದರು. ಮೊದಲನೆಯ ರಾಟೆಯೂ ಕಬ್ಬಿಣದ್ದೇ, ಅದನ್ನೇಕೆ ಕದಿಯಲಿಲ್ಲ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಆಗ ಎಲ್ಲದಕ್ಕೂ ಹೋಗಲಿ, ಹಗೇವು ಒಂದು ಉಳಿದರೆ ಸಾಕು ಎಂದುಕೊಂಡಿದ್ದ. ಇಡೀ ಊರಿನ ರಾಗಿ ಒಂದೇ ಹಗೇವಿನಲ್ಲಿ; ತಿನ್ನುವ ಬಾಯಿ ಎಷ್ಟೋ ಅಷ್ಟು ಪಾಲು; ಮೇಲು ಕೀಳು ಎನ್ನದೆ ಒಂದೇ ಸಾಲಿನಲ್ಲಿ ನಿಂತು ಪಡೆಯುವುದು; ಒಳಗೆ ಇಳಿಯುವ ಸರದಿಯೂ ಮನೆಮನೆಗೆ ಬರುವುದು. ಉಳಿದದ್ದೆಲ್ಲ ಸವೆದು ಹೋದ ಮೇಲೆ ಅವನ ಕೈಯಲ್ಲಿ ಉಳಿದದ್ದು ಇದೊಂದೇ. ಅದರ ಬಾಯಿ ತೆರೆಯುವ ದಿನ ಇವತ್ತು. ಮೊದಲು ಇಳಿಯುವವನು ತಾನು. ಹಾಗೆಂದು ಹೇಳಿದವನೂ ತಾನೇ, ಯಾರೂ ಕೇಳಿರಲಿಲ್ಲ.

ಹೇಳಿದ್ದು ಅವ್ವನನ್ನು ಹೂತ ಗುಂಡಿಯ ಪಕ್ಕದಲ್ಲಿ. ಕಾರ್ತೀಕದ ಚಳಿ. ಸೂರಿನಿಂದ ಇಲಿಗಳು ಪಟಪಟ ಬಿದ್ದು, ಬಿದ್ದಲ್ಲೇ ಸುತ್ತಿ ಸುತ್ತಿ ಸತ್ತ ಮೇಲೆ ಊರಿಗೆ ಊರೇ ಬಾಗಿಲಿಗೆ ಮುಳ್ಳು ಬಡಿದು ದಿಣ್ಣೆಗೆ ಹೋಗಿತ್ತು. ಅಲ್ಲಿ ರಾಗಿ ಹುಲ್ಲು ಹೊದಿಸಿದ ಗುಡಿಸಲುಗಳು. ಯಾರ ಗುಡಿಸಲು ಎಲ್ಲಿರಬೇಕು, ಯಾರ ನೆರಳು ಎಲ್ಲಿಯವರೆಗೆ ಬೀಳಬಹುದು ಎಂದು ಅಳೆಯುವ ವ್ಯವಧಾನ ಯಾರಿಗೂ ಇರಲಿಲ್ಲ. ಇದ್ದದ್ದು ಒಂದು ಕುಂಟೆ; ಎಲ್ಲರೂ ಅದರ ನೀರನ್ನೇ ಕುಡಿದರು. ಭಯ ಎಂಥ ಒಳ್ಳೆಯ ಮೇಷ್ಟ್ರು ಎಂದು ಅವನಿಗೆ ಆಗ ಅನಿಸಿತ್ತು. ಆ ಮೇಷ್ಟ್ರು ರಜೆ ಹಾಕಿ ಹೋಗುತ್ತಾನೆ ಎಂದು ಹೊಳೆದಿರಲಿಲ್ಲ. ಅವ್ವ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ದಾಯಾದಿಗಳಲ್ಲಿ ಒಬ್ಬನೂ ಬರಲಿಲ್ಲ. ಹಿಂದೆ ಒಬ್ಬನೇ ಕದಿರಪ್ಪ, ಮುಂದೆ ತಾನು; ಮುಂದಿನವನಿಗೆ ಕಾಲು ತಡವರಿಸಿದಾಗೆಲ್ಲ ಹಿಂದಿನವನು, "ಮೆತ್ತುಗ್ ಹೋಗಿ ಸಾಮಿ, ಅವ್ವಾವ್ರಿಗೆ ನೋವಾಯ್ತದೆ" ಎನ್ನುತ್ತಿದ್ದ. ಸತ್ತವಳಿಗೆ ನೋವಾಗುತ್ತದೆ ಎಂಬ ಆ ಮಾತಿಗೆ ಅವನ ಎದೆ ಒಡೆದುಹೋಯಿತು. ಮಣ್ಣು ಮುಚ್ಚಿದ ಮೇಲೆ, ದೂರದಲ್ಲಿ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದ ಊರಿನವರ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದ್ದ: ಇನ್ನು ಮೇಲೆ ಒಂದೇ ಹಗೇವು, ಒಂದೇ ಸಾಲು, ಮೊದಲು ಇಳಿಯೋನು ನಾನು, ನನ್ನವ್ವನ ಆಣೆ. ಕದಿರಪ್ಪನಿಗೂ ಹೇಳಿದ, ಸಾಮಿ ಅನ್ನಬೇಡ, ಅಣ್ಣ ಅನ್ನು. ಕದಿರಪ್ಪ ನಾಲಗೆಯನ್ನು ಬಾಯೊಳಗೆ ಹೊರಳಿಸಿ ಹೊರಳಿಸಿ, "ಆಗ್ಲಿ... ತಿಮ್ಮರಾಯಣ್ಣ" ಅಂದು, ತಪ್ಪು ಮಾಡಿದವನ ಹಾಗೆ ಸುತ್ತ ನೋಡಿದ್ದ. ಆಮೇಲೆ ಸೇಲಂ ಕಡೆಯಿಂದ ಸೂಜಿ ಹಾಕಲು ಬಂದ ಇನ್ಸ್‌ಪೆಕ್ಟರು ಕೂಡ, ಕಾಳನ್ನು ಮನೆಯಲ್ಲಿಡದೆ ನೆಲದಡಿ ಇಟ್ಟರೆ ಇಲಿಯೇ ಬರುವುದಿಲ್ಲ ಎಂದು "ಎಲಿ ವರಾದು, ವರವೇ ವರಾದು" ಅಂತ ಬೂಟುಗಾಲಿನಿಂದ ನೆಲ ಕುಟ್ಟಿ ಹೇಳಿದಾಗ, ಊರಿನ ಹಿರಿಯ ದೊಡ್ಡವೆಂಕಟಪ್ಪನೂ ತಲೆಯಾಡಿಸಿದ. ಸುಗ್ಗಿಯಲ್ಲಿ ಕೇರಿಯವರು ದಿಣ್ಣೆಯ ಮೇಲೇ ಹಗೇವು ತೋಡಿದರು, ಗೋಡೆಗೆ ಹುಲ್ಲು ಹೆಣೆದರು; ಹೊಲ ಉಳ್ಳವರು ರಾಗಿ ಸುರಿದರು; ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ದಿನ ತಿಮ್ಮರಾಯಪ್ಪ ಗುಡಿಸಲಲ್ಲಿ ಮಲಗಿ ಖುಷಿಗೆ ಅತ್ತಿದ್ದ.

ಇಳಿಯುವುದು ಎಂದರೆ ಏನು ಎಂದು ಅವನು ಆವತ್ತು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದ, ಆದರೆ ತುಂಬ ದೂರದ ಮಾತಾಗಿ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂರುತ್ತದೆ. ಬಾಯಿ ತೆಗೆದು ಉಸಿರಾಡಲು ಬಿಡಬೇಕು, ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು. ದೀಪ ಉರಿದರೆ ಮನುಷ್ಯ ಬದುಕುತ್ತಾನೆ, ಆರಿದರೆ ಇಲ್ಲ. ಚಿಕ್ಕವನಿದ್ದಾಗ, ತಮ್ಮದೇ ಹಿತ್ತಿಲಿನ ಹಗೇವಿನ ಅಂಚಿನಲ್ಲಿ ಅಪ್ಪನ ಪಂಚೆ ಹಿಡಿದುಕೊಂಡು ನಿಂತಿದ್ದ. ನೆಂಟರು ಬರುವ ಅವಸರ. ದೀಪ ಬಿಡದೆಯೇ ಅಪ್ಪ, "ಇಳಿಯೋ, ಏನಾಗಲ್ಲ" ಅಂದ. ಇಳಿದವನು ಕದಿರಪ್ಪನ ಅಪ್ಪ. ಮೊದಲನೆಯ ಮಂಕರಿ ಮೇಲೆ ಬಂತು, ಎರಡನೆಯದು ಬರಲಿಲ್ಲ. ಹಗ್ಗ ಜಗ್ಗಿದಾಗ ತಲೆ ಎದೆಗೆ ಜೋತುಬಿದ್ದ ಮನುಷ್ಯ ಬಂದ, ಬಾಯಿ ತುಂಬ ರಾಗಿ. ಮಣ್ಣು ಮಾಡಿ ಬಂದ ಮೇಲೆ ಅಪ್ಪ ಉಳಿದ ರಾಗಿಯನ್ನು ಬೇರೆಯವನನ್ನು ಇಳಿಸಿ ತೆಗೆಸಿದ. ಆ ರಾಗಿಯ ಮುದ್ದೆಯನ್ನೇ ಮನೆಯವರೆಲ್ಲ ಉಂಡರು, ತಾನೂ ಉಂಡ, ಚೆನ್ನಾಗೇ ಇತ್ತು. ಈಗ ದಿಣ್ಣೆ ಹತ್ತುತ್ತಾ ತಿಮ್ಮರಾಯಪ್ಪ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ ನಾಲಗೆ ಆಡಿಸಿದ. ಏನೂ ಇರಲಿಲ್ಲ.

ಹಗೇವಿನ ಹತ್ತಿರ ಆಗಲೇ ಜನ ಕೂಡಿತ್ತು. ಹೆಂಗಸರು ಕುಕ್ಕೆ, ಮೊರ, ಹಳೇ ಸೀರೆ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ಮುಂಭಾಗದಲ್ಲೇ ನರಸಮ್ಮ, ಅವಳ ಹಿಂದೆ ದೊಡ್ಡವೆಂಕಟಪ್ಪನ ಸೊಸೆ. ಇಬ್ಬರ ನಡುವೆ ಒಂದು ಮಾರು ಜಾಗವಿತ್ತು, ಆದರೂ ಸಾಲು ಸಾಲೇ. ಚಪ್ಪಡಿಯನ್ನು ಕೋಳಿ ಕೂಗುವ ಹೊತ್ತಿಗೇ ಸರಿಸಿದ್ದರು. ಕಪ್ಪು ಬಾಯಿಂದ ಬೆಚ್ಚಗಿನ ಹುಳಿ ವಾಸನೆ ಮೇಲೇಳುತ್ತಿತ್ತು. ಹೊಂಗೆಯ ಕೆಳಗೆ ದೊಡ್ಡವೆಂಕಟಪ್ಪ ಕಂಬಳಿ ಹಾಸಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆದರೆ ತಿಮ್ಮರಾಯಪ್ಪನ ಕಣ್ಣು ಹೋಗಿ ನಿಂತದ್ದು ಕದಿರಪ್ಪನ ಮೇಲೆ. ಕದಿರಪ್ಪ ಅಂಗಿ ಹಾಕಿಕೊಂಡಿದ್ದ! ಒಗೆದು ಮಡಿಚಿಟ್ಟು ಮಡಿಕೆಯ ಗೀರು ಉಳಿದಿದ್ದ ಬಿಳಿ ಅಂಗಿ, ತಲೆಗೆ ವಸ್ತ್ರ. ಹಗೇವು ತೆರೆಯುವ ದಿನ ಲಂಗೋಟಿಯ ಹೊರತು ಬೇರೇನೂ ಇಲ್ಲದೆ ನಿಲ್ಲುತ್ತಿದ್ದವನು ಇವತ್ತು ಹಗ್ಗ ಹಿಡಿಯುವವರ ಪೈಕಿ ನಿಂತಿದ್ದ. ಮದುವೆಗೆ ಬಂದವನ ಕಳೆ ಮುಖದಲ್ಲಿ.

"ಬಾ ತಿಮ್ಮರಾಯಣ್ಣ," ಎಂದ ಕದಿರಪ್ಪ. ಈಗ ಆ ಮಾತು ತಡವರಿಸದೆ ಬರುತ್ತಿತ್ತು. "ಹಗೇವು ಚೆಂದಾಕ್ ಉಸಿರಾಡೈತೆ. ದೀಪ ಬಿಡಾನ. ನಾನ್ ಹಗ್ಗ ಹಿಡ್ದಿರ್ತೀನಿ, ನೀನೇನೂ ಎದ್ರುಬ್ಯಾಡ."

ಹೆದರಬೇಡ ಎಂಬ ಮಾತು ಎಲ್ಲರಿಗೂ ಕೇಳಿಸಿತು ಎಂಬುದೇ ತಿಮ್ಮರಾಯಪ್ಪನಿಗೆ ಚುಚ್ಚಿತು. ತನಗೆ ಧೈರ್ಯ ಹೇಳುವಷ್ಟಾದನೇ ಇವನು ಎಂದು ಮನಸ್ಸಿನ ಯಾವುದೋ ಮೂಲೆ ಹೆಡೆ ಎತ್ತಿತು, ಅದನ್ನು ಒದ್ದು ಕೂರಿಸಿದ. ದೀಪ ಇಳಿಯಿತು. ಎಲ್ಲರೂ ಬಗ್ಗಿ ನೋಡಿದರು. ಹಗೇವಿನ ಕುತ್ತಿಗೆ ದಾಟುವಾಗ ದೀಪದ ಕುಡಿ ಒಮ್ಮೆ ಸಣ್ಣಗಾಯಿತು, ಅವನಿಗೆ ಒಳಗೊಳಗೇ ಆಸೆ ಚಿಗುರಿತು: ಆರಿಬಿಡಲಿ. ಆರಲಿಲ್ಲ. ಕೆಳಗೆ ರಾಗಿಯ ರಾಶಿಯ ಮೇಲೆ ಕೂತು, ದೇವರ ಮನೆಯಲ್ಲಿ ಹಚ್ಚಿಟ್ಟ ದೀಪದಂತೆ ನೆಟ್ಟಗೆ ಉರಿಯಿತು. ಸುತ್ತ ರಾಗಿ ಕೆಂಪಗೆ ಹೊಳೆಯಿತು. ಹೆಂಗಸರಲ್ಲಿ ಯಾರೋ "ಅಬ್ಬ, ತಾಯಿ!" ಎಂದರು. ಅಪಾಯ ಎಳ್ಳಷ್ಟೂ ಇಲ್ಲ ಎಂಬುದಕ್ಕೆ ಬೆಂಕಿಯೇ ಸಾಕ್ಷಿ ಹೇಳಿದ ಮೇಲೆ ಎಲ್ಲರ ಮುಖ ಒಟ್ಟಿಗೆ ಅವನ ಕಡೆ ತಿರುಗಿತು.

ಅವನು ಅಂಗಿಯ ಗುಂಡಿಗೆ ಕೈ ಹಾಕಿದ. ಒಂದು ಬಿಚ್ಚಿದ. ಕೆಳಗಿನ ಬೆಳಕಿನಲ್ಲಿ ರಾಗಿ ಅಲ್ಲಾಡಿದಂತೆ, ಅದರೊಳಗಿಂದ ತುಂಬಿದ ಬಾಯೊಂದು ಮೇಲಕ್ಕೆ ನೋಡಿದಂತೆ ಕಂಡಿತು. ಜನ ನೋಡುತ್ತಿದ್ದಾರೆ, ಹೆದರಿದೆ ಎನ್ನಲಾರ, ಇಳಿಯಲೂ ಆರ. ಅವನ ಬಾಯಿ, ಅವನನ್ನು ಕೇಳದೆ, ಯಾರಿಗೂ ಅಲ್ಲದಂತೆ, ಏನೋ ನೆನಪಾದವನ ಧಾಟಿಯಲ್ಲಿ ಅಂದಿತು: "ಅವ್ವ ಸತ್ತು ಇನ್ನೂ ವರ್ಸ ತುಂಬಿಲ್ಲ, ಅಲ್ವಾ..."

ಅಷ್ಟೇ. ಮುಂದೆ ಅವನು ಏನೂ ಹೇಳಬೇಕಾಗಲಿಲ್ಲ. ಹೊಂಗೆಯ ಕೆಳಗೆ ದೊಡ್ಡವೆಂಕಟಪ್ಪ ಎಲೆಯನ್ನು ದವಡೆಗೆ ಸೇರಿಸಿ, ಎಷ್ಟೋ ತಿಂಗಳಿಂದ ಇದೇ ಮಾತಿಗೆ ಕಾದು ಕೂತಿದ್ದವನ ತಾಳ್ಮೆಯಿಂದ ಬಾಯಿ ಬಿಟ್ಟ. "ಅಯ್ಯೋ, ಹೌದಲ್ಲಪ್ಪಾ! ಹೆತ್ತೋಳ್ ಸತ್ತ ವರ್ಸ ಭೂಮ್ತಾಯಿ ಹೊಟ್ಟೆಗ್ ಇಳೀಬಾರ್ದು. ಕಾಳ್ ಕೆಟ್ಟೋಯ್ತದೆ. ಇದು ಊರೋರೆಲ್ಲ ಉಣ್ಣೋ ಕಾಳು. ನೀನ್ ಬ್ಯಾಡ ತಿಮ್ಮರಾಯ."

"ಅಂಗಾರೆ ಬ್ಯಾರೆ ಯಾರಾದ್ರೂ..." ತಿಮ್ಮರಾಯಪ್ಪ ಸುತ್ತ ನೋಡಿದ. ಸರದಿಯ ಪ್ರಕಾರ ಮುಂದಿನ ಮನೆ ದೊಡ್ಡವೆಂಕಟಪ್ಪನದೇ. ಅವನ ಮಗ ಚಿನ್ನಸ್ವಾಮಿ ನೆಲ ನೋಡಿದ.

"ಮೊದ್ಲು ಇಳಿಯೋನು ನೀನು ಅಂತ ತಾನೆ ಆಣೆ ಆಗಿದ್ದು?" ಎಂದ ದೊಡ್ಡವೆಂಕಟಪ್ಪ, ಮೆತ್ತಗೆ, ಮಗುವಿಗೆ ತಿಳಿಹೇಳುವ ಹಾಗೆ. "ಮೊದ್ಲಿನೋನೇ ಇಳೀದಿದ್ರೆ ಎರಡ್ನೇದೋನು ಎಲ್ಲಿಂದ ಬತ್ತಾನೆ? ನಿನ್ ವರ್ಸ ಕಳೀಲಿ, ಆಮೇಕ್ ನೋಡಾನ. ಈಗ ಹೆಂಗಸ್ರು ಬಿಸ್ಲಲ್ ನಿಂತವ್ರೆ."

ಯಾರೂ ಕದಿರಪ್ಪನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ಕದಿರಪ್ಪ ತಿಮ್ಮರಾಯಪ್ಪನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಆಶ್ಚರ್ಯವಿದ್ದಿದ್ದರೆ ಎಷ್ಟೋ ಮೇಲಾಗಿತ್ತು. ಅವ್ವನ ಚಟ್ಟ ಹೊತ್ತವನಿಗೆ ಅವ್ವ ಸತ್ತ ತಿಂಗಳು ನೆನಪಿಲ್ಲದೆ ಇರುತ್ತದೆಯೇ? ಕದಿರಪ್ಪ ತಲೆಯ ವಸ್ತ್ರ ತೆಗೆದ. ಅಂಗಿ ಬಿಚ್ಚಿದ. ಅದನ್ನು ಮಡಿಕೆಯ ಗೀರುಗಳಿಗೇ ಸರಿಯಾಗಿ ಮತ್ತೆ ಮಡಿಚಿ, ಸಾಲಿನಲ್ಲಿದ್ದ ನರಸಮ್ಮನ ಕೈಗೆ ಕೊಟ್ಟ. ತಿಮ್ಮರಾಯಪ್ಪನ ಹೆಗಲಿನಿಂದ ಹಗ್ಗ ಎಳೆದುಕೊಂಡಾಗ ಅವನ ಕೈ ಇವನ ಮೈಗೆ ತಗಲದಂತೆ ಎಚ್ಚರದಿಂದ ಎಳೆದುಕೊಂಡ. ತಿಮ್ಮರಾಯಪ್ಪ, ಈಗಲೂ ಕಾಲ ಮಿಂಚಿಲ್ಲ, ಬೇಡ ನಾನೇ ಇಳಿಯುತ್ತೇನೆ ಎಂದು ಕೂಗಿಬಿಡಬೇಕು ಎಂದುಕೊಂಡ. ಕೂಗಿದ್ದೇನೆ ಎಂದೇ ಒಮ್ಮೆ ಅನಿಸಿತು. ಅಷ್ಟರಲ್ಲಿ ಕದಿರಪ್ಪನ ತಲೆ ನೆಲದೊಳಗೆ ಮರೆಯಾಯಿತು.

ಏನೂ ಆಗಲಿಲ್ಲ. ಮಂಕರಿಯ ಮೇಲೆ ಮಂಕರಿ ರಾಗಿ ಮೇಲೆ ಬಂತು. ಒಳ್ಳೆಯ ರಾಗಿ, ಒಂದು ಹುಳ ಇಲ್ಲ. ದೊಡ್ಡವೆಂಕಟಪ್ಪ ಒಂದು ಹಿಡಿ ಎತ್ತಿ ಊದಿ ನೋಡಿ, "ಎಲ್ಲ ನಿನ್ ಬುದ್ಧಿವಂತ್ಕೆ ಕಣಪ್ಪ ತಿಮ್ಮರಾಯ, ಇಲಿ ಮುಟ್ಟಿಲ್ಲ ನೋಡು" ಎಂದು ಎಲ್ಲರೆದುರು ಹೊಗಳಿದ. ಹೊಗಳಿಕೆಗೆ ತಕ್ಕ ಮುಖ ಮಾಡಿಕೊಂಡು ತಿಮ್ಮರಾಯಪ್ಪ ಅಳೆಯುವ ಬಳ್ಳವನ್ನು ಕೈಗೆತ್ತಿಕೊಂಡ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಸಾಲಿನ ಕಡೆ ತಿರುಗಿದರೆ ಮುಂದೆ ನರಸಮ್ಮ ಇರಲಿಲ್ಲ. ಅವಳು ಯಾವಾಗಲೋ ಸಾಲು ಬಿಟ್ಟು ಹೋಗಿ, ಆಚೆ ಲಂಟಾನದ ಪೊದೆಯ ಬಳಿ, ಹಿಂದೆಲ್ಲ ಕೇರಿಯವರು ನಿಲ್ಲುತ್ತಿದ್ದ ಜಾಗದಲ್ಲೇ, ಗಂಡನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ನೋಡಿ ಕೇರಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಅತ್ತ ನಡೆದಿದ್ದರು. ದೊಡ್ಡವೆಂಕಟಪ್ಪನ ಸೊಸೆ ಒಂದು ಮಾರು ಮುಂದೆ ಸರಿದು ಮೊರ ಒಡ್ಡಿದಳು. ಸಾಲು ಎಲ್ಲೂ ತುಂಡಾದಂತೆ ಕಾಣಲಿಲ್ಲ.

ಸಾಲಿನಲ್ಲಿದ್ದವರಿಗೆಲ್ಲ ಅಳೆದು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ದೊಡ್ಡವೆಂಕಟಪ್ಪ ಕಂಬಳಿ ಕೊಡವಿಕೊಂಡು ಹೊರಟುಹೋದ, ಅವನ ಹಿಂದೆ ಊರಿನವರೂ. ತಿಮ್ಮರಾಯಪ್ಪ ರಾಗಿ ತುಂಬಿದ ಮಂಕರಿಯನ್ನು ತಾನೇ ಹೊತ್ತುಕೊಂಡು ಪೊದೆಯ ಕಡೆಗೆ ನಡೆದ. ಹೊರುವುದು ಅಭ್ಯಾಸವಿಲ್ಲದೆ ಕುತ್ತಿಗೆ ನೋಯುತ್ತಿತ್ತು, ಆ ನೋವು ಅವನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು.

"ಎದ್ದು ಬಾ ನರಸಮ್ಮ. ಮುಂಚೆ ಎಲ್ ನಿಂತಿದ್ಯೋ ಅಲ್ಲೇ ಬಂದು ಈಸ್ಕೋ," ಎಂದ.

"ಇರ್ಲಿ ಸಾಮಿ. ಇಲ್ಲೇ ಸುರೀರಿ." ಅವಳು ಸೀರೆಯ ಚೂರನ್ನು ನೆಲದ ಮೇಲೆ ಹಾಸಿ ಹಿಂದಕ್ಕೆ ಸರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಏನಾದರೂ ಉತ್ತರ ಹೇಳಬಹುದಿತ್ತು, ತನ್ನ ಸಂಕಟ ತೋಡಿಕೊಳ್ಳಬಹುದಿತ್ತು.

ಇದನ್ನಾದರೂ ಸರಿಯಾಗಿ ಮಾಡುತ್ತೇನೆ ಎಂದುಕೊಂಡ. ಬಗ್ಗಿ, ನೆಲಕ್ಕೆ ಮಂಡಿಯೂರಿ, ಅವಳ ಬಟ್ಟೆಗೆ ಬಳ್ಳ ತಾಗಿಸಿ, ತುಂಬಿದ ಚೆಂಬಿನಿಂದ ಕಾಯಿಲೆಯವಳಿಗೆ ನೀರು ಕುಡಿಸಿದ ಹಾಗೆ ಮೆಲ್ಲಗೆ ಸುರಿಯಬೇಕು. ಸುತ್ತ ಊರಿನವರು ಒಬ್ಬರೂ ಇರಲಿಲ್ಲ, ನೋಡುವವರೇ ಇರಲಿಲ್ಲ. ಬಳ್ಳ ತುಂಬಿಕೊಂಡ. ಬಗ್ಗಿದ. ಬಟ್ಟೆ ಹತ್ತಿರವಾಗುತ್ತಿದ್ದಂತೆ ಕೈ, ತನ್ನದಲ್ಲದ ಕೈಯ ಹಾಗೆ, ಅಪ್ಪನ ಕೈಯ ಹಾಗೆ, ತಾನಾಗಿ ಮೇಲಕ್ಕೆ ಹೋಯಿತು. ಎದೆಯ ಎತ್ತರದಿಂದ ರಾಗಿ ಸುರಿಯಿತು. ಅರ್ಧ ಬಟ್ಟೆಯ ಮೇಲೆ, ಅರ್ಧ ಮಣ್ಣಿನ ಮೇಲೆ.

ನರಸಮ್ಮ ಮುಖ ಎತ್ತಲಿಲ್ಲ. ಹಗೇವಿನಿಂದ ಮೇಲೆ ಬಂದು, ಮೈಯೆಲ್ಲ ರಾಗಿಯ ಧೂಳು ಮೆತ್ತಿಕೊಂಡಿದ್ದ ಕದಿರಪ್ಪ ಇವನ ಕಡೆ ನೋಡದೆ ಬಂದು ಕುಕ್ಕುರುಗಾಲಲ್ಲಿ ಕೂತು, ಮಣ್ಣಿನಲ್ಲಿ ಬಿದ್ದ ಕಾಳನ್ನು ಅಂಗೈಯಿಂದ ಒಟ್ಟುಮಾಡತೊಡಗಿದ. ಅವನ ಸೊಂಟದ ಸುತ್ತ ಹಗ್ಗ ಒತ್ತಿದ ಬರೆ ಹಸಿಯಾಗಿತ್ತು. ತಿಮ್ಮರಾಯಪ್ಪ ಖಾಲಿ ಬಳ್ಳ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತ. ಗಂಟಿನ ಗುರುತು ಎಡಗಡೆ ಪಕ್ಕೆಯ ಕೆಳಗಿತ್ತು.